ಹಲಗೆಗೆ ಸಲ್ಲುವ ಹೆಸರು

ಲಾ ಫಾರ್ಜೆತ್, ಓವೆರ್ನ್
ಜನವರಿ ೧೪

ನನ್ನ ಮುದ್ದು ಸಬೀನ್,

ನಿನ್ನೆ ಮಾತಿನ ಮಧ್ಯೆ ಫೋನ್ ಇಟ್ಟುಬಿಟ್ಟೆನೆಂದು ಬೇಜಾರು ಮಾಡಿಕೊಳ್ಳಬೇಡ. ಸಿಟ್ಟು ಬಂದರೆ ನನ್ನ ಬಾಯಿ ಕಟ್ಟಿಹೋಗುತ್ತದೆ, ನಿನಗೆ ಗೊತ್ತಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ತಮ್ಮೂರಲ್ಲೇ ಹುಟ್ಟಿ ಹೆಸರು ಮಾಡಿದವರನ್ನು ಊರ ಮುಂದಿನ ಹಲಗೆ ಮೇಲೆ ಬರೆಸುವ ಹುಚ್ಚು ಓವೆರ್ನ್‌ನ ಊರೂರು ಸುತ್ತಿ ಈಗ ನಮ್ಮೂರಿಗೂ ಹಿಡಿದಿದೆ. ಇದಕ್ಕೆಲ್ಲ ಯಜಮಾನಿಕೆ ಯಾರದು ಅಂತೀಯ? ಮಸ್ಯೂ ಬರ್ತ್ರಾಂನದು. ಪ್ಯಾರಿಸ್‌ನಲ್ಲಿ ನಿವೃತ್ತನಾಗಿ ಮೊನ್ನೆ ಮೊನ್ನೆ ಇಲ್ಲಿ ಮನೆ ಕೊಂಡವನು. ನಮ್ಮ ಕಡೆ ಹುರಿದ ಆಲೂಗಡ್ಡೆಗೆ ಚೀಸ್ ಯಾವಾಗ ಬೆರೆಸಬೇಕೆಂದೇ ಗೊತ್ತಿಲ್ಲದ ಮನುಷ್ಯ, ನಮ್ಮೂರವರು ಯಾರೆಂದು ಅವನು ತೀರ್ಮಾನಿಸುತ್ತಾನಂತೆ!

ಹಲಗೆಯಲ್ಲಿ ಈಗಿರುವವರು ಒಬ್ಬ ಬಿಷಪ್, ಯುದ್ಧ ಸೋತು ಬಂದ ಒಬ್ಬ ಜನರಲ್, ಮಡಚುವ ಕೊಡೆ ಕಂಡುಹಿಡಿದೆನೆಂದು ಸಾಯುವವರೆಗೂ ಬಡಾಯಿ ಕೊಚ್ಚಿದ ಇನ್ನೊಬ್ಬ. ದೇಶದ ಹ್ಯಾಂಡ್‌ಬಾಲ್ ತಂಡಕ್ಕೆ ಗೋಲು ಕಾದು ಪದಕ ತಂದ ನೀನಿಲ್ಲ. ಭಾನುವಾರದ ಸಭೆಯಲ್ಲಿ ನಾನು ಎದ್ದು ಕೇಳಿಯೇಬಿಟ್ಟೆ.

"ಮದಾಂ, ನಿಮ್ಮ ಮಗಳು ಹುಟ್ಟಿದ್ದು ಒರಿಯಾಕ್ ಆಸ್ಪತ್ರೇಲಿ. ನಿಯಮ ಅಂದ್ರೆ ನಿಯಮ. ಒರಿಯಾಕ್‌ನವರು ಅವ್ರ ಹಲಗೆ ಮೇಲೆ ಬರೆಸ್ಕೊಳ್ಲಿ ಬಿಡಿ" ಅಂದ ಬರ್ತ್ರಾಂ.

"ಅಲ್ಲಿ ಇದ್ದಿದ್ದು ಒಂದು ವಾರ ಕಣ್ರೀ! ಹಲ್ಲು ಬಂದಿದ್ದು, ಅಂಬೆಗಾಲಿಟ್ಟಿದ್ದು, ಚೆಂಡು ಹಿಡಿಯೋದು ಕಲ್ತಿದ್ದು ಎಲ್ಲಾ ನಮ್ಮ ಕೊಟ್ಟಿಗೆ ಮುಂದೇನೇ" ಅಂದೆ.

"ಹಂಗಾದ್ರೆ ಮನೇಲೇ ಹೆರಬೇಕಿತ್ತಪ್ಪ! ಅಲ್ಲೀವರೆಗೆ ಓಡಿದ್ದು ಯಾಕೆ? ಮೆತ್ತನೆ ಹಾಸಿಗೆ ಬೇಕಾಗಿತ್ತೇನೋ!"

ಎಲ್ಲರೂ ನಕ್ಕರು. ಪಕ್ಕದ ಮನೆಯ ಜಿನೆತ್ ಮಾತ್ರ ನಗಲಿಲ್ಲ, ಕೈಗವಸು ತಿರುವುತ್ತಾ ನೆಲ ನೋಡುತ್ತಿದ್ದಳು. ನಾನು ಎದ್ದು ಬಂದೆ. ನಾನು ಒಯ್ದಿದ್ದ ವಾಲ್‌ನಟ್ ಕೇಕನ್ನು ಅವನೇ ಚಪ್ಪರಿಸಿರಬೇಕು. ತಟ್ಟೆ ಇನ್ನೂ ವಾಪಸ್ ಬಂದಿಲ್ಲ.

ಇದನ್ನೆಲ್ಲ ನಿನಗೆ ಹೇಳಿದ್ದೇ ತಪ್ಪಾಯಿತು. "ಹಾಗಾದ್ರೆ ನಿನ್ನ ಅಡುಗೆಮನೇಲೇ ಹೆರ್ತೀನಮ್ಮಾ, ಆ ಮುದುಕ ಬಣ್ಣದ ಡಬ್ಬ ಹಿಡ್ಕೊಂಡು ಬಾಗಿಲಲ್ಲಿ ನಿಂತಿರ್ಲಿ" ಅಂದೆಯಲ್ಲ, ತಮಾಷೆ ಅಂತ ನಾನೂ ನಕ್ಕಿದ್ದೆ. ನಿನ್ನೆ ನೋಡಿದರೆ ಸೂಲಗಿತ್ತಿಯನ್ನು ಗೊತ್ತುಮಾಡಿದ್ದೀಯ, ಶನಿವಾರ ಯಾನ್ ನಿನ್ನನ್ನು ಕಾರಿನಲ್ಲಿ ಕರೆತರುತ್ತಾನೆ ಅನ್ನುತ್ತೀಯ! ತುಂಬು ಬಸುರಿ ನೀನು. ನಿನ್ನ ಗಂಡನಿಗಾದರೂ ಬುದ್ಧಿ ಬೇಡವೇ?

ಬೇಡ ಮಗಳೇ. ಒಲೆ ಹೊಗೆ ಬಿಡುತ್ತಿದೆ. ಅಡುಗೆಮನೆಗೆ ಸುಣ್ಣ ಹೊಡೆಸಬೇಕು. ಹಿಮವೂ ಜೋರಾಗಿದೆ. ನಿನ್ನ ಅಪ್ಪ ಎಂದಿನಂತೆ ಸಲಿಕೆ ಹಿಡಿದು ಸೇತುವೆಯವರೆಗೂ ರಸ್ತೆಯ ಹಿಮ ಸರಿಸುತ್ತಿದ್ದಾರೆ. ಮಂತ್ರಿ ಬರುತ್ತಾನಾ ಅಂತ ನೀನು ಗೇಲಿ ಮಾಡುತ್ತಿದ್ದೆಯಲ್ಲ, ಆ ಚಾಳಿ ಇನ್ನೂ ಬಿಟ್ಟಿಲ್ಲ. ದಯವಿಟ್ಟು ನಿಮ್ಮ ಊರಿನ ಆಸ್ಪತ್ರೆಗೇ ಹೋಗು. ಹಲಗೆ ಹಾಳಾಗಿ ಹೋಗಲಿ. ಹಟ ಮಾಡಬೇಡ, ನನ್ನ ಹಟವೊಂದೇ ಈ ಮನೆಗೆ ಸಾಕು.

ಸಿಟ್ಟಿನಲ್ಲೂ ನಿನ್ನನ್ನೇ ನೆನೆಯುವ,
ಅಮ್ಮ ಓದೆತ್

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಹರಿದೆ. ಒಲೆ ಚೆನ್ನಾಗಿಯೇ ಇದೆ, ಸಬೀನ್. ನೀನು ಹುಟ್ಟುವುದಕ್ಕೆ ನಾಲ್ಕು ವರ್ಷ ಮೊದಲು, ಇಂಥದೇ ಹಿಮದಲ್ಲಿ, ಆ ಒಲೆಯ ಮುಂದೆ ನಿನ್ನ ಅಣ್ಣ ಹುಟ್ಟಿದ. ನನ್ನ ಕೈ ಹಿಡಿದು ಕೂತಿದ್ದವಳು ಜಿನೆತ್. ಉಸಿರಾಡಲು ಒದ್ದಾಡುತ್ತಿದ್ದ ಕೂಸು. ಡಾಕ್ಟರರ ಕಾರು ಸೇತುವೆಯ ಹತ್ತಿರ ಹೂತುಹೋಯಿತು. ನಿನ್ನ ಅಪ್ಪ ಹಿಮ ತೋಡಿ ಅವರನ್ನು ಕರೆತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಿನ್ನನ್ನು ಹೊಟ್ಟೆಯಲ್ಲಿ ಹೊತ್ತು ನಾನು ಒರಿಯಾಕ್‌ಗೆ ಓಡಿದ್ದು ಅದಕ್ಕೇ. ಬರ್ತ್ರಾಂಗೆ ಇದು ಗೊತ್ತಿಲ್ಲ, ಗೊತ್ತಿರುವವರು ಬಾಯಿ ಬಿಡುವುದಿಲ್ಲ. ನಿನಗೆ ಹೇಳಲು ನನಗೂ ಇಷ್ಟು ವರ್ಷ ಬಾಯಿ ಬರಲಿಲ್ಲ. ಲೂಸಿಯಾಂ ಅಂತ ಹೆಸರಿಟ್ಟಿದ್ದೆವು. ಅವನಾದ ಮೇಲೆ ಎಲ್ಲರೂ ಹೆರಿಗೆಗೆ ಒರಿಯಾಕ್‌ಗೇ ಹೋದರು, ಈ ಊರಿನಲ್ಲಿ ಒಂದು ಮಗುವೂ ಹುಟ್ಟಿಲ್ಲ. ನಿಯಮ ಅಂದರೆ ನಿಯಮ. ನಮ್ಮ ಮನೆಯಲ್ಲಿ ಆ ಹಲಗೆಗೆ ಸಲ್ಲುವವನು ಅವನೊಬ್ಬನೇ. ಹೆಸರು ಮಾಡುವುದಕ್ಕೆ ಅವನಿಗೆ ಹೊತ್ತು ಸಿಗಲಿಲ್ಲ.