ಶರ್ವರಿ ತಾಳ ನಿಲ್ಲಿಸುವ ಜಾಗ

ಅವ್ವಾ,

ನೀ ತೀರಿಕೊಂಡ ಮೇಲೆ ಮನೆಯಲ್ಲೊಬ್ಬರು ಸಂಗೀತ ವಿದುಷಿ ತಯಾರಾಗಿದ್ದಾರೆ. ನಿನ್ನ ಮೊಮ್ಮಗಳು ಶರ್ವರಿ, ವಯಸ್ಸು ನಾಲ್ಕು. ಇಲ್ಲಿ ಪುಣೆಯ ಸದಾಶಿವ ಪೇಠದ ಬಾಲವಾಡಿಯಲ್ಲಿ ಮಕ್ಕಳು ತಮ್ಮಷ್ಟಕ್ಕೆ ತಾವು ಹಾಡಿಕೊಳ್ಳುವುದನ್ನು ಇಂದೂ ಅನ್ನೋ ಟೀಚರ್, ನಮ್ಮ ಧಾರವಾಡದವರೇ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಅಧ್ಯಯನ ಮಾಡುತ್ತಾರೆ. ಇವತ್ತು ನನ್ನನ್ನು ಕರೆಸಿ ಕೇಳಿಸಿದರು. ಶರ್ವರಿ ಗುನುಗುತ್ತ ಎರಡೂ ಕೈಯಿಂದ ಮಣೆ ಬಡಿಯುತ್ತಾಳೆ, ನಡುವೆ ತಟ್ಟನೆ ನಿಲ್ಲಿಸುತ್ತಾಳೆ.

“ಪ್ರತಿ ಸಲ ಇಲ್ಲೇ ಯಾಕ ನಿಲ್ಲಸ್ತಾಳ್ರೀ?”

“ಅಲ್ಲಿ ಹಂಚಿನ ಮ್ಯಾಲಿನ ರೊಟ್ಟಿ ಹೊಳ್ಳಿಸಿ ಹಾಕಬೇಕಲ್ರೀ,” ಅಂದೆ, ಪಂಡಿತರ ಗತ್ತಿನಲ್ಲಿ. “ನಮ್ಮವ್ವನ ಘರಾಣಾ. ರೊಟ್ಟಿ ಬಡಿಯೋವಾಗ ಇಕಿ ಮಗ್ಗಲದಾಗ ಕೂಡತಿದ್ಲು.”

ಟೀಚರ್ ನಕ್ಕರು. “ಹಂಗಾರ ನಾಳೆ ಅವ್ವಾರನ್ನ ಕರಕೊಂಡು ಬರ್ರಿ. ಅವರದೂ ರೆಕಾರ್ಡ್ ಮಾಡೋಣು.”

“ಊರಿಗೆ ಹೋಗ್ಯಾರ್ರೀ,” ಅಂದೆ. “ಅದನ್ನ ಇನ್ನೊಮ್ಮೆ ಹಚ್ಚರಿ.”