ನನ್ನ ಮಗಳ ತೂಕ ಕೇಳಿದವರಿಗೆ

ಮಕ್ಕಳ ಜಾಹೀರಾತು ವಿಭಾಗದ ಮಾನ್ಯ ಮುಖ್ಯಸ್ಥರೇ,

ಹಾಲಿಗೆ ಹಾಕಿಕೊಂಡು ತಿನ್ನುವ ನಿಮ್ಮ ಬಣ್ಣದ ಸಿಹಿ ಉಂಗುರಗಳನ್ನು ಮಾರಲೆಂದು ಇಂಟರ್‌ನೆಟ್ಟಿನಲ್ಲಿ ಮಕ್ಕಳಿಗಾಗಿ ಒಂದು ಆಟ ಇಟ್ಟಿದ್ದೀರಿ. ಆ ಆಟ ನನ್ನ ಹನ್ನೊಂದು ವರ್ಷದ ಮಗಳು ಹರ್ಷಿಣಿಯ ಎತ್ತರ ಕೇಳಿತು, ತೂಕ ಕೇಳಿತು. ಅವಳು ನಿಜ ಹೇಳಿದಳು. ಅಂದಿನಿಂದ, ಎರಡು ಜೋಳದ ರೊಟ್ಟಿ ತಿನ್ನುತ್ತಿದ್ದವಳು ಅರ್ಧಕ್ಕೇ ಏಳುತ್ತಿದ್ದಾಳೆ. ನನ್ನ ದೂರು ಇಷ್ಟೇ. ಮುಂದಿನದೆಲ್ಲ ವಿವರಣೆ.

ಇಂಗ್ಲಿಷಿನಲ್ಲಿ ನಿಮಗೆ ಎರಡು ಸಲ ಬರೆದೆ. ಎರಡು ಸಲವೂ ನಿಮ್ಮ ತಿಂಡಿಯ ಮೇಲಿನ ನನ್ನ ಪ್ರೀತಿಗೆ ಕೃತಜ್ಞತೆ ಸೂಚಿಸುವ ಅಚ್ಚಾದ ಚೀಟಿಯ ಜೊತೆಗೆ ಒಂದು ಡಬ್ಬ ಉಂಗುರದ ಪುಕ್ಕಟೆ ಕೂಪನ್ ಬಂತು. ಆದ್ದರಿಂದ ಈ ಸಲ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ, ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಮ್ಮ ಪಕ್ಕದ ಲಾಸ್ ಕೊಲಿನಾಸ್ ಬಡಾವಣೆಯಲ್ಲಿರುವ ನಿಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಹದಿನೇಳು ಕನ್ನಡದ ಹುಡುಗರಿಗೆ ನನ್ನ ಖಾನಾವಳಿಯಿಂದ ಊಟದ ಡಬ್ಬಿ ಹೋಗುತ್ತದೆ. ಅವರಲ್ಲಿ ಯಾರಾದರೂ ಲಿಫ್ಟಿನಲ್ಲಿ ನಿಮಗೆ ಇದನ್ನು ಓದಿ ಹೇಳುತ್ತಾರೆ. ಹೇಳದವರಿಗೆ ಶೇಂಗಾ ಚಟ್ನಿ ಇಲ್ಲ.

ಮೊದಲು ನಾನು ಮಗಳ ಮೇಲೆಯೇ ರೇಗಿದ್ದೆ. ಹೆಂಡತಿ ವಿದ್ಯಾವತಿ ತಡೆದಳು. "ಮೊದಲ ನೀವು ಆಡಿ ನೋಡ್ರಿ. ಆಮ್ಯಾಲೆ ಯಾರನ್ನ ಬೈಬೇಕೋ ಅವರನ್ನ ಬೈರಿ."

ಕೂತೆ. ಐದಡಿ ಆರಿಂಚು, ಇನ್ನೂರ ಹದಿನೆಂಟು ಪೌಂಡು ಎಂದು ಪ್ರಾಮಾಣಿಕವಾಗಿ ತುಂಬಿದೆ. ತೆರೆಯ ಮೇಲೆ ಒಂದು ದುಂಡು ಗೊಂಬೆ ಎದ್ದು ನಿಂತಿತು. ಒಂದು ಹೆಜ್ಜೆಯಿಟ್ಟರೆ ಧಬ್, ಇನ್ನೊಂದಿಟ್ಟರೆ ಧಬ್. ಗಿಡದ ಮೇಲಿನ ಹಕ್ಕಿಗಳು ಉದುರಿ ಬಿದ್ದವು. ಮೊದಲ ಬಾಗಿಲಲ್ಲೇ ಗೊಂಬೆ ಸಿಕ್ಕಿಕೊಂಡಿತು, ಆಟ ಮುಗಿಯಿತು. ಎರಡನೇ ಸಲ ನೂರಿಪ್ಪತ್ತು ಪೌಂಡು ಎಂದು ಸುಳ್ಳು ಬರೆದೆ. ಕೂಡಲೇ ನನಗೆ ಸೊಂಟ ಬಂತು, ಹೊಂಬಣ್ಣದ ಕೂದಲು ಬಂತು. ಮೂರು ಛಾವಣಿ ಹಾರಿ ಬಹುಮಾನ ಗೆದ್ದೆ. ಆರೋಗ್ಯ ಕಲಿಸುವ ಆಟ ಎಂದು ಡಬ್ಬದ ಮೇಲೆ ಬರೆದಿದ್ದೀರಲ್ಲ, ಅದರಲ್ಲಿ ನಾನು ಕಂಡ ಒಂದೇ ವ್ಯಾಯಾಮ ಸುಳ್ಳು ಹೇಳುವುದು.

ಆಮೇಲೆ ಕಾಗದ ಇಟ್ಟುಕೊಂಡು ನಿಮ್ಮ ಪಾತ್ರಧಾರಿಗಳನ್ನು ಎಣಿಸಿದೆ. ಒಟ್ಟು ಹದಿನಾರು. ತೆಳ್ಳಗಿನವರು ಹದಿಮೂರು ಜನ, ಅವರು ಹಾರುತ್ತಾರೆ, ಈಜುತ್ತಾರೆ. ಹುಡುಗಿಯರಾದರೆ ಹಾರುತ್ತಲೇ ಕೂದಲನ್ನೂ ಸರಿ ಮಾಡಿಕೊಳ್ಳುತ್ತಾರೆ. ಹುಡುಗರ ಭುಜಗಳು ಬಾಗಿಲಿಗಿಂತ ಅಗಲ, ಆದರೂ ಅವರು ಸಿಕ್ಕಿಕೊಳ್ಳುವುದಿಲ್ಲ. ಇದು ಯಾವ ಗಣಿತವೋ ನಾ ಕಾಣೆ. ದಪ್ಪಗಿನವರು ಮೂವರು. ಒಬ್ಬ ಐಸ್‌ಕ್ರೀಮ್ ಕದಿಯುತ್ತಾನೆ, ಒಬ್ಬಳು ನಿದ್ದೆ ಮಾಡುತ್ತಾಳೆ, ಉಳಿದವನು ಖಳನಾಯಕ. ದಪ್ಪಗಿರುವವರು ದುಡಿಯುವುದನ್ನು ತಾವು ಎಲ್ಲಿಯೂ ನೋಡಿಲ್ಲವೇ? ಹನ್ನೊಂದೂವರೆಗೆ ನಿಮ್ಮ ಲಿಫ್ಟಿನಲ್ಲಿ ಹದಿನೇಳು ಡಬ್ಬಿ ಹೊತ್ತು ನಿಂತಿರುವವನನ್ನು ಒಮ್ಮೆ ತಿರುಗಿ ನೋಡಬಹುದಿತ್ತು.

ಗದಗಿನಿಂದ ಬಂದಿರುವ ನನ್ನ ತಾಯಿ ಶಿವಬಸವ್ವ ಕನ್ನಡಕ ಒರೆಸಿಕೊಂಡು ನಿಮ್ಮ ನಾಯಕಿಯನ್ನು ನೋಡಿದರು. "ಏನೋ ಇರಣ್ಣ, ಇಕಿ ಕಡಗೋಲಿನಂಗ ಅದಾಳಲ್ಲೋ. ಇಕಿನ್ನ ಯಾರೂ ಊಟಕ್ಕ ಕರಿಯೂದಿಲ್ಲೇನು?"

ನಿಮ್ಮ ನಿಜವಾದ ಜಾಣತನ ಬೇರೆ ಕಡೆಗಿದೆ. ಗೊಂಬೆ ತೆಳ್ಳಗಾಗಬೇಕಾದರೆ ಓಡಬೇಕಿಲ್ಲ, ಕುಣಿಯಬೇಕಿಲ್ಲ. ಉಂಗುರದ ಡಬ್ಬದೊಳಗೆ ಅಡಗಿಸಿಟ್ಟ ಸಂಖ್ಯೆ ತುಂಬಿದರೆ ಸಾಕು, ಡಬ್ಬಕ್ಕೆ ಎರಡು ಪೌಂಡಿನಂತೆ ಇಳಿಯುತ್ತದೆ. ಅಂದರೆ ಸಕ್ಕರೆ ಕೊಂಡಷ್ಟೂ ಸೊಂಟ ಸಣ್ಣ. ಮಗಳು ಡಬ್ಬ ಕೇಳಿದಳು, ಅವಳ ಮುಖ ನೋಡಲಾರದೆ ಒಂದಾದ ಮೇಲೊಂದು ತಂದುಕೊಟ್ಟೆ. ಅವಳು ಸಂಖ್ಯೆ ತೆಗೆದುಕೊಂಡು ಉಂಗುರಗಳನ್ನು ಬಿಟ್ಟಳು. ನಮ್ಮ ಮನೆಯಲ್ಲಿ ಆಹಾರ ಚೆಲ್ಲುವ ಪದ್ಧತಿಯಿಲ್ಲ. ತಾಯಿ ಸಾಸಿವೆ, ಶೇಂಗಾ, ಹಸಿಮೆಣಸಿನಕಾಯಿಯ ಒಗ್ಗರಣೆ ಕೊಟ್ಟು, ಅರಿಶಿನ ಉದುರಿಸಿ, ಹದಿನಾಲ್ಕು ಡಬ್ಬ ಉಂಗುರಗಳನ್ನು ಚೂಡಾ ಮಾಡಿದರು. ಹಿರಿಯರು ಮೂವರೂ ತಿಂದೆವು. ರುಚಿಯಾಗಿತ್ತು, ಸುಳ್ಳೇಕೆ ಹೇಳಲಿ. ತಿಂಗಳ ಕೊನೆಗೆ ನೋಡಿದರೆ ಅವಳ ಗೊಂಬೆ ಇಳಿದದ್ದು ಇಪ್ಪತ್ತೆಂಟು ಪೌಂಡು, ನಾನು ಏರಿದ್ದು ಏಳು, ವಿದ್ಯಾವತಿ ಐದು. ತಾಯಿ ತೂಕದ ಯಂತ್ರ ಹತ್ತಲು ಒಪ್ಪದ ಕಾರಣ ಲೆಕ್ಕ ಅಪೂರ್ಣ. ಭಾರ ಕರಗಿಲ್ಲ ಸ್ವಾಮಿ, ಗೊಂಬೆಯಿಂದ ನಮಗೆ ವರ್ಗಾವಣೆಯಾಗಿದೆ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಮೇ ಹದಿನಾರಕ್ಕೆ ಹರ್ಷಿಣಿಯ ಶಾಲೆಯಲ್ಲಿ ಆಟೋಟದ ದಿನ. ಹೋದ ವರ್ಷ ಹಗ್ಗಜಗ್ಗಾಟದಲ್ಲಿ ಹಗ್ಗದ ಕೊನೆ ಹಿಡಿದು ನಿಂತವಳು ಇವಳೇ. ಇವಳು ಹಿಮ್ಮಡಿ ಊರಿದ ಮೇಲೆ ಎದುರಿನ ತರಗತಿಗೆ ತರಗತಿಯೇ ಹುಲ್ಲಿನ ಮೇಲೆ ಜಾರಿ ಬಂತು. ಈ ವರ್ಷ ಹಗ್ಗ ಮುಟ್ಟುವುದಿಲ್ಲ, ಕೂತು ಅಂಕ ಬರೆಯುತ್ತೇನೆ ಎಂದು ಟೀಚರಿಗೆ ಹೇಳಿ ಬಂದಿದ್ದಾಳೆ.

"ಯಾಕವಾ?" ಎಂದು ಕೇಳಿದೆ.

"ಎವ್ರಿವನ್ ವಿಲ್ ಹಿಯರ್ ಮೀ ವಾಕ್, ಅಪ್ಪಾ."

ತಾನು ನಡೆದರೆ ಎಲ್ಲರಿಗೂ ಕೇಳಿಸುತ್ತದಂತೆ. ಆಮೇಲೆ ಗಮನಿಸಿದೆ, ನಮ್ಮ ಮನೆಯ ಕಾರ್ಪೆಟ್ಟಿನ ಮೇಲೂ ಅವಳು ತುದಿಗಾಲಲ್ಲಿ ನಡೆಯುತ್ತಿದ್ದಾಳೆ.

ಆದ್ದರಿಂದ ಮೇ ಹದಿನಾರರೊಳಗೆ ನಿಮ್ಮ ಆಟದಿಂದ ಆ ಧಬ್ ಸದ್ದನ್ನು ತೆಗೆಯಬೇಕು, ಎತ್ತರ ತೂಕಗಳ ಪ್ರಶ್ನೆಯನ್ನು ಅಳಿಸಬೇಕು. ಆಗುವುದಿಲ್ಲ ಎನ್ನುವುದಾದರೆ ಆ ಪ್ರಶ್ನೆಯನ್ನು ಖುದ್ದು ಕೇಳುವ ಧೈರ್ಯ ಮಾಡಿ. ಯಾವ ಶನಿವಾರವಾದರೂ ಖಾನಾವಳಿಗೆ ಬನ್ನಿ. ನನ್ನ ತಾಯಿ ರೊಟ್ಟಿ ಬಡಿಯುತ್ತಿರುತ್ತಾರೆ. ಅವರ ಎದುರಿಗೆ ಕೂತು ನನ್ನ ಮಗಳನ್ನು ಅವಳ ತೂಕವೆಷ್ಟೆಂದು ಕೇಳಿ. ಮುಂದೆ ಆಗುವುದಕ್ಕೆ ನಾನು ಜವಾಬ್ದಾರನಲ್ಲ.

ಹರ್ಷಿಣಿ ಶಾಲೆಯಿಂದ ಬಂದು, ಚೀಲ ಎಸೆದು ಅಡುಗೆಮನೆಗೆ ಓಡಿದರೆ ಗೂಡಿನಲ್ಲಿಟ್ಟ ತಟ್ಟೆಗಳೆಲ್ಲ ಗಲಗಲ ಎನ್ನುತ್ತಿದ್ದವು. ಆರು ವಾರದಿಂದ ತಟ್ಟೆಗಳು ಸುಮ್ಮನಿವೆ.

ಇಂತಿ,
ನೂರಾರು ಜನರಿಗೆ ಉಣಬಡಿಸಿ ಸ್ವಂತ ಮಗಳಿಗೆ ಉಣಿಸಲಾಗದೆ ಕೂತಿರುವ,
ಇರಣ್ಣ
ಖಾನಾವಳಿ, ಫಾರ್ಮರ್ಸ್ ಬ್ರಾಂಚ್ ಎಂಬ ಊರು
ಏಪ್ರಿಲ್ 2003