ದಡ ಮುಟ್ಟಿದ ಕೈ

ಬೆಂಗಳೂರು
ಸೆಪ್ಟೆಂಬರ್ ೮, ಭಾನುವಾರ

ಅಪ್ಪಾ,

ನಿನ್ನ ಮೌನೇಶ್ವರಿ ಮಾಡುವ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಫೋನ್ ಕೈಗೆ ಕೊಟ್ಟರೆ ನೀನು ಎದ್ದು ಹೋಗುತ್ತೀಯಂತೆ, ಅದಕ್ಕೇ ಈ ಕಾಗದ. ತಂಗಿ ನಂದಿನಿ ಓದಿ ಹೇಳುತ್ತಾಳೆ. ಅರ್ಧಕ್ಕೇ ಎದ್ದು ಹೋಗಬೇಡ.

ಅವ್ವ ಎಲ್ಲಾ ಹೇಳಿದಳು. "ನಿಮ್ಮಪ್ಪ ಹೊಳಿಗಿ ಇಳಿಯೂದು ಬಿಟ್ಟಾನ. ಮೀನಿನ ಬಲಿ ಮೂಲ್ಯಾಗ ಬಿದ್ದದ. ಕೇಳಿದರ, ನಾ ಕಲಿಸಿದ್ದರಿಂದನ ಮಗಳ ಆಟ ಕೆಟ್ಟತು ಅಂತಾನ" ಅಂದಳು. ಯಾದಗಿರಿಯಿಂದ ಪೇಪರಿನವರು ಬಂದಾಗಲೂ ಹಿತ್ತಲಿಗೆ ಎದ್ದು ಹೋದೆಯಂತೆ. ಎಂಥ ಹುಚ್ಚಪ್ಪನೋ ನೀನು! ನನಗೆ ಸಿಟ್ಟು ಬಂದಿದೆ.

ನಡೆದದ್ದು ಇಷ್ಟೇ. ಒಲಿಂಪಿಕ್ಸ್‌ನ ಎದೆಯೀಜಿನಲ್ಲಿ, ನಾವು ಕಪ್ಪೆ ಈಜು ಅನ್ನುತ್ತೇವಲ್ಲ ಅದರಲ್ಲಿ, ಕೊನೆಗೆ ಗೋಡೆಯನ್ನು ಎರಡೂ ಕೈಗಳಿಂದ ಒಟ್ಟಿಗೆ ಮುಟ್ಟಬೇಕು. ನನ್ನ ಬಲಗೈ ಮೊದಲು ಮುಟ್ಟಿತು. ಪಕ್ಕದವಳಿಗಿಂತ ಮುಂದಿದ್ದೆ, ಆದರೂ ಹೊರಗೆ ಹಾಕಿದರು. ನಿಯಮ ನಿಯಮವೇ, ಅವರ ತಪ್ಪೇನಿಲ್ಲ. ಎಡ ಭುಜ ನೋಯುತ್ತಿತ್ತು, ಆ ಕೈ ಹಿಂದೆ ಉಳಿಯಿತು. ಕೋಚ್ ಮೇಡಂ ಕೂಡ ಹಾಗೇ ಹೇಳಿಕೆ ಕೊಟ್ಟಿದ್ದಾರೆ.

ನೀನು ಏನು ಅಂದುಕೊಂಡಿದ್ದೀಯ ಎಂದು ನನಗೆ ಗೊತ್ತು. ತೇಲಲೆಂದು ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ನನ್ನನ್ನು ಕೃಷ್ಣೆಗೆ ಇಳಿಸಿದವನು ನೀನು. ಈಜಿ ಬಂದ ಮೇಲೆ ಬಲಗೈಯಿಂದ ದಡ ಮುಟ್ಟಿ, ಆ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳದೆ ಮೇಲೆ ಹತ್ತಲು ಬಿಡುತ್ತಿರಲಿಲ್ಲ. "ತಾಯಿ ದಾಟಿಸ್ಯಾಳ, ಹಂಗ ಎದ್ದು ಹೋಗ್ತಿ ಏನ?" ಎಂದು ಗದರುತ್ತಿದ್ದೆ. ಒಮ್ಮೆ ನಾನು ಮರೆತದ್ದಕ್ಕೆ ನನ್ನನ್ನು ಮತ್ತೆ ನೀರಿಗೆ ದಬ್ಬಿದ್ದೆ. ಪಕ್ಕದ ಸಾಬೇರಾ ಆಪಾನ ಮನೆಯ ಟಿವಿಯಲ್ಲಿ ನನ್ನ ಕೈ ನೋಡಿ ನಿನಗೆ ಅದೇ ನೆನಪಾಗಿರಬೇಕು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಅಪ್ಪಾ. ಇಷ್ಟು ವರ್ಷ ಎರಡೂ ಕೈ ಸರಿಯಾಗಿ ಮುಟ್ಟಿಸಿಯೇ ಅಲ್ಲಿಯವರೆಗೆ ಹೋದೆ.

ಸಂಕಟವಾಗಲಿಲ್ಲ ಅಂದರೆ ಸುಳ್ಳು. ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂತು ಅತ್ತೆ. ಆಮೇಲೆ ಹಸಿವಾಯಿತು, ಊಟ ಮಾಡಿದೆ. ಈಗ ಮತ್ತೆ ದಿನಾ ಬೆಳಿಗ್ಗೆ ನೀರಿಗೆ ಇಳಿಯುತ್ತಿದ್ದೇನೆ. ಮಗಳು ಇಳಿದ ಮೇಲೆ ಅಪ್ಪ ಮನೆಯಲ್ಲಿ ಕೂತರೆ ಹೇಗೆ? ಇಲಿ ಕಡಿಯುವ ಮುಂಚೆ ಬಲೆ ತೆಗೆದುಕೊಂಡು ಹೊಳೆಗೆ ಹೋಗು. ಬಂದು ದಡ ಮುಟ್ಟು, ಕಣ್ಣಿಗೆ ಒತ್ತಿಕೋ. ಅವ್ವನಿಗೆ ನಾಲ್ಕು ಮೀನು ತಂದುಕೊಡು, ಅವಳ ಬಾಯಿಯಾದರೂ ನಿಲ್ಲಲಿ.

ಇಂತು ನಿನ್ನ ಹಿರಿ ಮಗಳು,
ಮೌನೇಶ್ವರಿ

ತಾ.ಕ.: ನಂದಿನಿ, ಇದನ್ನು ಅಪ್ಪನಿಗೆ ಓದಿ ಹೇಳಬೇಡ. ನನ್ನ ಭುಜಕ್ಕೆ ಏನೂ ಆಗಿಲ್ಲ. ನೋವು ಅಂತ ಮೇಡಂಗೂ ನಾನೇ ಹೇಳಿದ್ದು. ಕೊನೆಯಲ್ಲಿ ಉಸಿರು ಕಟ್ಟಿ ಕಣ್ಣು ಮಸುಕಾದಾಗ ನಮ್ಮ ಹೊಳೆಯ ದಡವೇ ಬಂತು ಅನ್ನಿಸಿತು, ಬಲಗೈ ತಾನಾಗಿ ಮುಂದೆ ಹೋಯಿತು. ಫಲಿತಾಂಶದ ಫಲಕದಿಂದ ನನ್ನ ಹೆಸರು ತೆಗೆಯುವ ಹೊತ್ತಿಗೆ ಆ ಕೈ ನನ್ನ ಕಣ್ಣ ಮೇಲಿತ್ತು. ಅಳುತ್ತಿದ್ದಾಳೆ ಎಂದು ಟಿವಿಯವರು ಹೇಳಿದರಂತೆ. ಅದು ಏನೆಂದು ಅಪ್ಪನಿಗೆ ಮಾತ್ರ ಗೊತ್ತು. ಅವನು ಹೊಳೆಗೆ ಇಳಿದ ದಿನ ನೀನೂ ಹಿಂದೆ ಹೋಗು. ಬಂದು ದಡ ಮುಟ್ಟುತ್ತಾನೋ ಇಲ್ಲವೋ ನೋಡಿ ಬರೆ.